ಕೊಡಗಿನಿಂದ ದೂರದ ಸ್ಟೋರೇಜ್‌ಗೆ ಡೇಟಾ: ಯಾವ ಪ್ರೋಟೋಕಾಲ್ ಹಿಡಿಯಬೇಕು?

ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಲೆಕ್ಕದ ಸರ್ವರ್, ಗೋಣಿಕೊಪ್ಪದ ಸ್ಟುಡಿಯೊದ ಮದುವೆ ವಿಡಿಯೊ, ಮಡಿಕೇರಿಯ ಸ್ಕ್ಯಾನಿಂಗ್ ಸೆಂಟರ್‌ನ ಚಿತ್ರಗಳು, ಸಹಕಾರ ಸಂಘದ ಸಾಲದ ದಾಖಲೆ. ಇವುಗಳ ಇನ್ನೊಂದು ಪ್ರತಿ ಜಿಲ್ಲೆಯ ಹೊರಗೆ ಇರಬೇಕು ಎಂದು 2018ರ ಆಗಸ್ಟ್‌ನ ಪ್ರವಾಹ, ಭೂಕುಸಿತ ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಷ್ಟ ಬರುವುದು ಕಳಿಸುವ ದಾರಿ, ಅಂದರೆ ಪ್ರೋಟೋಕಾಲ್ (ಎರಡು ಕಂಪ್ಯೂಟರ್ ಮಾತಾಡಿಕೊಳ್ಳುವ ನಿಯಮ) ಆರಿಸುವಾಗ. ಐಸ್ಕಸಿ, ಎನ್‌ಎಫ್‌ಎಸ್, ಎಸ್‌ಎಂಬಿ, ಆರ್‌ಸಿಂಕ್, ಎಸ್3, ಕ್ವಿಕ್ ಅಂತ ಹೆಸರುಗಳು ಸಾಲುಗಟ್ಟಿ ನಿಂತಿವೆ. ಒಂದೊಂದನ್ನು ಮಾರುವವರೂ ತಮ್ಮದೇ ಒಳ್ಳೆಯದು ಅನ್ನುತ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ದಿನದ ಕೆಲಸ ನಡೆಯುವ ಡಿಸ್ಕ್ ಇಲ್ಲೇ ಇರಲಿ, ಹೊರಗೆ ಹೋಗುವುದು ಪ್ರತಿ ಮಾತ್ರ. ನಡುವೆ ಲೈನ್ ಕಡಿದರೂ ಬಿಟ್ಟಲ್ಲಿಂದಲೇ ಮುಂದುವರಿಯುವ ವಿಧಾನದಲ್ಲಿ ಅದನ್ನು ಕಳಿಸಿ. ನಮ್ಮ ಕಡೆ ವೇಗಕ್ಕಿಂತ ಈ ಗುಣಕ್ಕೇ ಬೆಲೆ ಜಾಸ್ತಿ.

ಮೊದಲು ಲೈನ್ ಅಳೆಯಿರಿ

ಎಷ್ಟು ಎಂಬಿಪಿಎಸ್ ಪ್ಲಾನ್ ಎಂದು ಎಲ್ಲರಿಗೂ ಗೊತ್ತಿರುತ್ತದೆ. ಪಿಂಗ್ (ಒಂದು ಸಂದೇಶ ಹೋಗಿ ಬರುವ ಸಮಯ) ಎಷ್ಟು, ನೂರಕ್ಕೆ ಎಷ್ಟು ಪ್ಯಾಕೆಟ್ (ಡೇಟಾದ ಸಣ್ಣ ಕಟ್ಟು) ದಾರಿಯಲ್ಲಿ ಕಳೆದುಹೋಗುತ್ತವೆ ಎಂದು ಕೇಳಿದರೆ ಉತ್ತರ ಇರುವುದಿಲ್ಲ. ದೂರದ ಸ್ಟೋರೇಜ್ ನಿಂತಿರುವುದೇ ಈ ಎರಡರ ಮೇಲೆ.

ಗಾಜಿನ ಎಳೆಯಲ್ಲಿ ಬೆಳಕಿಗೆ ಒಂದು ಕಿಲೋಮೀಟರ್ ದಾಟಲು ಸುಮಾರು 5 ಮೈಕ್ರೊಸೆಕೆಂಡ್ ಬೇಕು. ಮಡಿಕೇರಿಯಿಂದ ಬೆಂಗಳೂರು ಸುಮಾರು 260 ಕಿ.ಮೀ. ಹೋಗಿ ಬರಲು 3 ಮಿಲಿಸೆಕೆಂಡ್ ಕೂಡ ಬೇಡ. ಆದರೆ ಪಿಂಗ್ ಹಾಕಿದರೆ ಅದರ ಎಷ್ಟೋ ಪಟ್ಟು ಕಾಣುತ್ತದೆ. ಕೇಬಲ್ ಸುತ್ತು ಹೊಡೆದು ಹೋಗುತ್ತದೆ, ನಡುವೆ ರೂಟರ್‌ಗಳಿವೆ, 4ಜಿ ಆದರೆ ಟವರ್‌ನಲ್ಲಿ ಸರದಿ ಕಾಯಬೇಕು. ಸ್ಟೋರೇಜ್ ಮುಂಬೈಯಲ್ಲಿದ್ದರೆ ಇನ್ನೂ ಜಾಸ್ತಿ. ಅಮೆರಿಕದಲ್ಲಿದ್ದರೆ ಸಾಮಾನ್ಯವಾಗಿ 200 ಮಿಲಿಸೆಕೆಂಡ್ ದಾಟುತ್ತದೆ. ಮುಂದಿನ ಲೆಕ್ಕಗಳಿಗೆ ನಾನು 40 ಮಿಲಿಸೆಕೆಂಡ್ ಹಿಡಿದಿದ್ದೇನೆ. ನಿಮ್ಮ ಪಿಂಗ್ ಬೇರೆ ಇದ್ದರೆ ಅದನ್ನೇ ಹಾಕಿಕೊಳ್ಳಿ.

ಇಂಟರ್ನೆಟ್‌ನಲ್ಲಿ ಡೇಟಾ ಸಾಗಿಸುವ ನಿಯಮವಾದ ಟಿಸಿಪಿ ತಾನು ಕಳಿಸಿದ್ದಕ್ಕೆಲ್ಲ ರಸೀದಿ ಕೇಳುತ್ತದೆ. ರಸೀದಿ ಬರುವ ಮೊದಲು ಎಷ್ಟು ಕಳಿಸಬಹುದು ಎಂಬುದಕ್ಕೆ ಒಂದು ಮಿತಿ ಇದೆ, ಅದನ್ನೇ ವಿಂಡೊ ಅನ್ನುತ್ತಾರೆ. ತೋಟದಿಂದ ಚೆರಿ ಸಾಗಿಸುವಾಗ, ಹೋದ ಲಾರಿಯ ರಸೀದಿ ಕೈಗೆ ಬರುವವರೆಗೆ ಇನ್ನೊಂದು ಲಾರಿ ಹೊರಡಿಸಬೇಡಿ ಎಂದ ಹಾಗೆ. ರಸ್ತೆ ಎಷ್ಟೇ ಅಗಲ ಇದ್ದರೂ ಅದರಲ್ಲಿ ಒಂದೇ ಲಾರಿ ಓಡಾಡುತ್ತದೆ. ಹಳೆಯ ಟಿಸಿಪಿಯಲ್ಲಿ ಈ ವಿಂಡೊ 64 ಕೆಬಿ ದಾಟುತ್ತಿರಲಿಲ್ಲ. 40 ಮಿಲಿಸೆಕೆಂಡಿಗೆ ಒಮ್ಮೆ 64 ಕೆಬಿ ಅಂದರೆ ಸುಮಾರು 13 ಎಂಬಿಪಿಎಸ್, ಅಷ್ಟೇ. ಪ್ಲಾನ್ 100 ಇರಲಿ, 300 ಇರಲಿ, ಒಂದು ಸಂಪರ್ಕಕ್ಕೆ 13ರ ಮೇಲೆ ಸಿಗುವುದಿಲ್ಲ. 1992ರ ಆರ್‌ಎಫ್‌ಸಿ 1323 ಎಂಬ ಇಂಟರ್ನೆಟ್ ಮಾನಕ ದಾಖಲೆಯಲ್ಲಿ ವಿಂಡೊ ಹಿಗ್ಗಿಸುವ ಏರ್ಪಾಡು ಬಂತು. ಈಗಿನ ಲಿನಕ್ಸ್ ಮತ್ತು ವಿಂಡೋಸ್ ತಾವಾಗಿಯೇ ಹಿಗ್ಗಿಸಿಕೊಳ್ಳುತ್ತವೆ. ಹಳೆಯ ನ್ಯಾಸ್ (ನೆಟ್‌ವರ್ಕ್ ಸ್ಟೋರೇಜ್) ಪೆಟ್ಟಿಗೆ, ತಪ್ಪಾಗಿ ಸೆಟ್ ಮಾಡಿದ ಫೈರ್‌ವಾಲ್, ಫೈಲ್ ಕಳಿಸುವ ಹಳೇ ಎಸ್‌ಎಫ್‌ಟಿಪಿ ಸಾಫ್ಟ್‌ವೇರ್ ಮಾತ್ರ ಈಗಲೂ ಚಿಕ್ಕ ವಿಂಡೊದಲ್ಲೇ ಸಿಕ್ಕಿಬೀಳುತ್ತವೆ.

ಪ್ಯಾಕೆಟ್ ಕಳೆದುಹೋಗುವುದು ಇದಕ್ಕಿಂತ ಕೆಟ್ಟದ್ದು. ಹಳೆಯ ಮಾದರಿಯ ಟಿಸಿಪಿ ಪ್ಯಾಕೆಟ್ ಕಳೆದರೆ ರಸ್ತೆಯಲ್ಲಿ ದಟ್ಟಣೆ ಇದೆ ಅಂದುಕೊಂಡು ವೇಗ ಅರ್ಧಕ್ಕೆ ಇಳಿಸುತ್ತದೆ. ಮಳೆಗಾಲದ 4ಜಿಯಲ್ಲಿ ದಟ್ಟಣೆ ಇಲ್ಲದೆಯೂ ಪ್ಯಾಕೆಟ್ ಕಳೆಯುತ್ತದೆ ಅಲ್ವಾ? ಅದು ಟಿಸಿಪಿಗೆ ಗೊತ್ತಾಗುವುದಿಲ್ಲ. 1997ರಲ್ಲಿ ಮ್ಯಾಥಿಸ್ ಮತ್ತು ಜೊತೆಗಾರರು ಇದಕ್ಕೊಂದು ಸೂತ್ರ ಕೊಟ್ಟರು. 40 ಮಿಲಿಸೆಕೆಂಡ್ ದೂರದಲ್ಲಿ ಹತ್ತು ಸಾವಿರಕ್ಕೆ ಒಂದು ಪ್ಯಾಕೆಟ್ ಕಳೆದರೆ ಒಂದು ಸಂಪರ್ಕಕ್ಕೆ ಸುಮಾರು 35 ಎಂಬಿಪಿಎಸ್. ನೂರಕ್ಕೆ ಒಂದು ಕಳೆದರೆ 3.5. ಪ್ಲಾನ್ ಬದಲಿಸಿದರೂ ಈ ಅಂಕಿ ಕದಲುವುದಿಲ್ಲ.

ಅಳೆಯಲು ಐಪರ್ಫ್3 ಎಂಬ ಸಾಫ್ಟ್‌ವೇರ್ ಸಾಕು. ಡೇಟಾ ಎಲ್ಲಿಗೆ ಹೋಗಬೇಕೋ ಆ ಊರಿನ ಸರ್ವರ್‌ಗೇ ಅಳೆಯಿರಿ. ಸ್ಪೀಡ್ ಟೆಸ್ಟ್ ಆ್ಯಪ್ ತನಗೆ ಹತ್ತಿರದ ಸರ್ವರ್ ಹುಡುಕಿಕೊಂಡು ಚಂದದ ಅಂಕಿ ತೋರಿಸುತ್ತದೆ, ನಂಬಬೇಡಿ. ಒಮ್ಮೆ ಒಂದೇ ಸಂಪರ್ಕದಲ್ಲಿ, ಇನ್ನೊಮ್ಮೆ ಎಂಟು ಸಂಪರ್ಕ ಒಟ್ಟಿಗೆ ಹಾಕಿ ನೋಡಿ. ಎರಡೂ ಸಲ ಒಂದೇ ಅಂಕಿ ಬಂದರೆ ಲೈನ್ ಇರುವುದೇ ಅಷ್ಟು. ಒಂದಕ್ಕೆ 15, ಎಂಟಕ್ಕೆ 80 ಬಂದರೆ ಲೈನ್ ಚೆನ್ನಾಗಿದೆ, ತೊಂದರೆ ವಿಂಡೊದಲ್ಲೋ ಪ್ಯಾಕೆಟ್ ಕಳೆಯುವುದರಲ್ಲೋ ಇದೆ. ಆಗ ಹಲವು ಸಂಪರ್ಕಗಳಲ್ಲಿ ಕಳಿಸುವ ವಿಧಾನ ನಿಮ್ಮದು. ಈ ಪರೀಕ್ಷೆಯನ್ನು ಜುಲೈಯಲ್ಲಿ ಗಾಳಿಮಳೆ ಇರುವ ಸಂಜೆಯೂ ಮಾಡಿ. ಜನವರಿಯ ಬಿಸಿಲಿನಲ್ಲಿ ಎಲ್ಲ ಲೈನೂ ಒಳ್ಳೆಯದೇ.

ಡಿಸ್ಕನ್ನೇ ದೂರ ಇಡುವುದು: ಐಸ್ಕಸಿ ಮತ್ತು ಬಳಗ

ಐಸ್ಕಸಿ ಅಂದರೆ ಡಿಸ್ಕಿನ ಭಾಷೆಯನ್ನು ಟಿಸಿಪಿ ಮೇಲೆ ಹೇಳುವುದು. ಆರ್‌ಎಫ್‌ಸಿ 3720 ಆಗಿ 2004ರಲ್ಲಿ ಬಂತು. ನಿಮ್ಮ ಸರ್ವರ್‌ಗೆ ಬೆಂಗಳೂರಿನ ಡಿಸ್ಕ್ ತನ್ನದೇ ಡಿಸ್ಕ್ ಥರ ಕಾಣುತ್ತದೆ. ಕೇಳಲು ಬಹಳ ಚಂದ. ಆದರೆ ಲೆಕ್ಕದ ಡೇಟಾಬೇಸ್ ಒಂದೊಂದು ಎಂಟ್ರಿ ಬರೆದಾಗಲೂ ‘ಬರೆದಾಯಿತು’ ಎಂಬ ಉತ್ತರಕ್ಕೆ ಕಾಯುತ್ತದೆ. 40 ಮಿಲಿಸೆಕೆಂಡಿಗೆ ಒಂದು ಉತ್ತರ ಅಂದರೆ ಒಂದರ ಹಿಂದೆ ಒಂದರಂತೆ ಸೆಕೆಂಡಿಗೆ 25 ಬರವಣಿಗೆ. ಇದು ಒಳ್ಳೆಯ ಪಕ್ಷದ ಲೆಕ್ಕ. ಆ ಕಡೆಯಿಂದ ‘ಈಗ ಕಳಿಸು’ ಎಂಬ ಸೂಚನೆಗೂ ಕಾಯಬೇಕಾದರೆ 12ಕ್ಕೆ ಇಳಿಯುತ್ತದೆ. ಆಫೀಸಿನೊಳಗೆ ಅರ್ಧ ಮಿಲಿಸೆಕೆಂಡ್ ದೂರದಲ್ಲಿ ಇದೇ ಕೆಲಸ ಸೆಕೆಂಡಿಗೆ 2,000 ಸಲ ನಡೆಯುತ್ತದೆ.

ಲೈನ್ ಕಡಿದಾಗ ಇನ್ನೂ ಪಜೀತಿ. ಲಿನಕ್ಸಿನ ಐಸ್ಕಸಿ ಸಾಫ್ಟ್‌ವೇರ್ ಆದ ಓಪನ್-ಐಸ್ಕಸಿ ಸಂಪರ್ಕ ಮರಳಲೆಂದು 120 ಸೆಕೆಂಡ್ ಕಾಯುತ್ತದೆ, ಬದಲಿಸದಿದ್ದರೆ ಅದೇ ಅವಧಿ. ಆಮೇಲೆ ಡಿಸ್ಕ್ ಕೆಟ್ಟಿದೆ ಎಂದು ಫೈಲ್‌ಗಳನ್ನು ನೋಡಿಕೊಳ್ಳುವ ಫೈಲ್ ಸಿಸ್ಟಮ್‌ಗೆ ಹೇಳಿಬಿಡುತ್ತದೆ. ಫೈಲ್ ಸಿಸ್ಟಮ್ ಹೆದರಿ ಓದಲು ಮಾತ್ರ ಎಂಬ ಸ್ಥಿತಿಗೆ ಹೋಗುತ್ತದೆ. ಸಂಪಾಜೆ ಘಾಟಿಯಲ್ಲಿ ಕಂಬದ ಮೇಲೆ ಬಿದ್ದ ಮರವನ್ನು ಎರಡು ನಿಮಿಷದಲ್ಲಿ ತೆಗೆಯುವವರು ಯಾರಿದ್ದಾರೆ?

ಹಾಗಾದರೆ ವೇಗದ ಎಸ್‌ಎಸ್‌ಡಿಗಳ ಭಾಷೆಯನ್ನು ಟಿಸಿಪಿ ಮೇಲೆ ಹೇಳುವ ಎನ್‌ವಿಎಂಇ ಓವರ್ ಟಿಸಿಪಿ? 2018ರಲ್ಲಿ ಮಾನಕವಾಯಿತು, ಲಿನಕ್ಸ್ 5.0ರಿಂದ ಇದೆ, ಒಳ್ಳೆಯ ತಂತ್ರವೇ. ಆದರೆ ಅದು ಉಳಿಸುವುದು ಮೈಕ್ರೊಸೆಕೆಂಡ್‌ಗಳನ್ನು, ನಮಗೆ ಹೋಗುತ್ತಿರುವುದು ಮಿಲಿಸೆಕೆಂಡ್. ಎಫ್‌ಸಿಐಪಿ ಎರಡು ದೊಡ್ಡ ಡೇಟಾ ಸೆಂಟರ್‌ಗಳ ನಡುವೆ ಫೈಬರ್ ಚಾನೆಲ್ (ಸ್ಟೋರೇಜ್‌ಗೆಂದೇ ಇರುವ ಪ್ರತ್ಯೇಕ ಜಾಲ) ಸಾಗಿಸುವವರಿಗೆ. ಅದನ್ನೇ ಈಥರ್ನೆಟ್ ಮೇಲೆ ಸಾಗಿಸುವ ಎಫ್‌ಸಿಒಇ ಐಪಿ ಮೇಲೆ ಹೋಗುವುದೇ ಇಲ್ಲ, ಈಥರ್ನೆಟ್ ಮುಗಿದಲ್ಲಿ ಅದರ ಕಥೆ ಮುಗಿಯಿತು.

ಬ್ಲಾಕ್ ಮಟ್ಟದಲ್ಲೇ (ಫೈಲ್ ಅಲ್ಲ, ಡಿಸ್ಕಿನ ತುಂಡುಗಳನ್ನೇ) ಪ್ರತಿ ಬೇಕು ಎನ್ನುವವರು ಡಿಆರ್‌ಬಿಡಿ ಎಂಬ ಲಿನಕ್ಸ್ ಸಾಫ್ಟ್‌ವೇರ್ ನೋಡಬಹುದು. ಅದರಲ್ಲಿ ಎ, ಬಿ, ಸಿ ಎಂದು ಮೂರು ಬಗೆ. ಸಿ ಆರಿಸಿದರೆ ಎರಡೂ ಕಡೆ ಬರೆದ ಮೇಲೇ ‘ಆಯಿತು’ ಅನ್ನುತ್ತದೆ, ಮೇಲೆ ಹೇಳಿದ ಕಾಯುವಿಕೆಯೆಲ್ಲ ಮರಳಿ ಬಂತು. ದೂರಕ್ಕೆ ಎ ಮಾತ್ರ. ಅದು ಇಲ್ಲಿ ಬರೆದು ಮುಂದೆ ಸಾಗುತ್ತದೆ, ದೂರದ ಪ್ರತಿ ಸ್ವಲ್ಪ ಹಿಂದೆ ಬರುತ್ತದೆ. ಆ ‘ಸ್ವಲ್ಪ’ದಷ್ಟು ಡೇಟಾ ಹೋದರೂ ನಡೆಯುತ್ತದೆಯೇ ಎಂದು ಯಜಮಾನರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಫೋಲ್ಡರ್ ಹಂಚುವುದು: ಎಸ್‌ಎಂಬಿ, ಎನ್‌ಎಫ್‌ಎಸ್

ದೂರದ ಫೋಲ್ಡರನ್ನು ನೆಟ್‌ವರ್ಕ್ ಮೇಲೆ ತೆರೆಯುವ ವಿಧಾನಗಳಿವು, ಎಸ್‌ಎಂಬಿ ವಿಂಡೋಸ್ ಕಡೆಯದು, ಎನ್‌ಎಫ್‌ಎಸ್ ಲಿನಕ್ಸ್ ಕಡೆಯದು. ಇಲ್ಲಿನ ತೊಂದರೆ ಮಾತುಕತೆ ಜಾಸ್ತಿ ಎಂಬುದು. ಒಂದು ಫೈಲ್ ಹುಡುಕು, ತೆರೆ, ಬರೆ, ಮುಚ್ಚು. ಪ್ರತಿಯೊಂದಕ್ಕೂ ಒಮ್ಮೆ ಹೋಗಿ ಬರಬೇಕು. 10,000 ಸಣ್ಣ ಫೈಲಿಗೆ ನಾಲ್ಕು ಸುತ್ತಿನಂತೆ ಹಾಕಿದರೆ 40 ಮಿಲಿಸೆಕೆಂಡ್ ದೂರದಲ್ಲಿ ಬರೀ ಕಾಯಲು 26 ನಿಮಿಷಕ್ಕಿಂತ ಜಾಸ್ತಿ. ಆಫೀಸಿನೊಳಗೆ ಇದೇ 20 ಸೆಕೆಂಡ್. ಬಿಲ್‌ಗಳ ಸ್ಕ್ಯಾನ್ ಪ್ರತಿ ಇಡುವವರಿಗೆ ಈ ವ್ಯತ್ಯಾಸ ದಿನವೂ ಕಣ್ಣಿಗೆ ಹೊಡೆಯುತ್ತದೆ.

ಎಸ್‌ಎಂಬಿಯ ಮೊದಲ ಆವೃತ್ತಿಯನ್ನು ಮುಟ್ಟಲೇಬೇಡಿ. 2017ರ ವಾನಾಕ್ರೈ ಎಂಬ ಸುಲಿಗೆ ವೈರಸ್ ಹರಡಿದ್ದು ಅದರ ತೂತಿನಿಂದಲೇ. ಎಸ್‌ಎಂಬಿ ಬಳಸುವ 445 ಪೋರ್ಟನ್ನು (ಸಂಪರ್ಕದ ಬಾಗಿಲು) ಇಂಟರ್ನೆಟ್‌ಗೆ ತೆರೆದಿಡುವುದು ಯಾವ ಆವೃತ್ತಿಯಲ್ಲೂ ಬೇಡ. 2012ರ ಎಸ್‌ಎಂಬಿ 3ರಲ್ಲಿ ಎನ್‌ಕ್ರಿಪ್ಶನ್ (ಗೂಢಲಿಪಿ) ಬಂತು. ಈಚೆಗೆ, ಟಿಸಿಪಿ ಬದಲು ಕ್ವಿಕ್ ಎಂಬ ಹೊಸ ಸಾಗಾಟ ನಿಯಮದ ಮೇಲೆ ಓಡುವ ಎಸ್‌ಎಂಬಿ ಓವರ್ ಕ್ವಿಕ್ ಬಂದಿದೆ. ಮೊದಲು ವಿಂಡೋಸ್ ಸರ್ವರ್ 2022ರ ಅಜೂರ್ ಆವೃತ್ತಿಯಲ್ಲಿ ಮಾತ್ರ ಇತ್ತು, 2025ರ ಸರ್ವರ್‌ನಲ್ಲಿ ಎಲ್ಲ ಆವೃತ್ತಿಗಳಿಗೂ ಸಿಕ್ಕಿತು. ವಿಂಡೋಸ್‌ನಲ್ಲೇ ಇರುವ ಆಫೀಸಿಗೆ, ಮೈಸೂರಿನ ಶಾಖೆಯ ಫೈಲನ್ನು ಆಗಾಗ ತೆರೆದು ನೋಡಬೇಕಾದರೆ ಇದು ಸರಿ. ದಿನದ ಬ್ಯಾಕಪ್‌ಗೆ ಬೇಡ.

ಎನ್‌ಎಫ್‌ಎಸ್‌ನಲ್ಲಿ ನಾಲ್ಕನೇ ಆವೃತ್ತಿ ಹಿಡಿಯಿರಿ. ಹಲವು ಕೇಳಿಕೆಗಳನ್ನು ಒಟ್ಟಿಗೆ ಕಟ್ಟಿ ಕಳಿಸುತ್ತದೆ, ಒಂದೇ ಪೋರ್ಟ್ 2049 ಸಾಕು. ಆದರೆ ಅದನ್ನು ಮೌಂಟ್ ಮಾಡುವಾಗ (ಇಲ್ಲಿನ ಫೋಲ್ಡರ್ ಥರ ಜೋಡಿಸುವಾಗ) ಎರಡೂ ಕಡೆ ಕಷ್ಟ ಇದೆ. ಹಾರ್ಡ್ ಮೌಂಟ್ ಆದರೆ ಲೈನ್ ಹೋದಾಗ ಪ್ರೋಗ್ರಾಮ್ ಕಲ್ಲಿನ ಹಾಗೆ ನಿಂತುಬಿಡುತ್ತದೆ. ಸಾಫ್ಟ್ ಮೌಂಟ್ ಆದರೆ ಬರವಣಿಗೆ ಅರ್ಧದಲ್ಲೇ ಬಿಟ್ಟುಹೋಗಿ ಫೈಲ್ ಕೆಡಬಹುದು. ಯಾವುದು ವಾಸಿ ಅಂದರೆ ಹಾರ್ಡ್ ಮೌಂಟೇ. ನಿಂತ ಪ್ರೋಗ್ರಾಮನ್ನು ಮತ್ತೆ ಓಡಿಸಬಹುದು, ಕೆಟ್ಟ ಲೆಕ್ಕದ ಫೈಲನ್ನು ಸರಿ ಮಾಡುವವರು ಸಿಗುವುದಿಲ್ಲ. ಮಾಮೂಲಿ ಎನ್‌ಎಫ್‌ಎಸ್‌ಗೆ ಎನ್‌ಕ್ರಿಪ್ಶನ್ ಇಲ್ಲ, ಆದ್ದರಿಂದ ವೈರ್‌ಗಾರ್ಡ್ ಎಂಬ ಎನ್‌ಕ್ರಿಪ್ಟ್ ಆದ ಸುರಂಗದ (ವಿಪಿಎನ್) ಒಳಗೆ ಮಾತ್ರ ಓಡಿಸಿ.

ಪ್ರತಿ ಕಳಿಸುವುದು: ಆರ್‌ಸಿಂಕ್, ಝಡ್‌ಎಫ್‌ಎಸ್, ಆಬ್ಜೆಕ್ಟ್ ಸ್ಟೋರೇಜ್

ನಮ್ಮಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಈ ಮೂರರಲ್ಲಿ ಒಂದು.

ಫೈಲ್ ನಕಲಿಸುವ ಸಾಫ್ಟ್‌ವೇರ್ ಆರ್‌ಸಿಂಕನ್ನು 1996ರಲ್ಲಿ ಆಂಡ್ರೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ಹೊರತಂದರು. ಇಷ್ಟು ವರ್ಷವಾದರೂ ಅದನ್ನು ಬಿಡುವ ಕಾರಣ ಕಾಣುತ್ತಿಲ್ಲ. ದೊಡ್ಡ ಫೈಲಿನಲ್ಲಿ ಬದಲಾದ ತುಂಡುಗಳನ್ನಷ್ಟೇ ಕಳಿಸುತ್ತದೆ. ಎಸ್‌ಎಸ್‌ಎಚ್ (ಸುರಕ್ಷಿತ ಲಾಗಿನ್ ಸಂಪರ್ಕ) ಮೇಲೆ ಹೋದರೆ ಎನ್‌ಕ್ರಿಪ್ಶನ್ ಪುಕ್ಕಟೆ. ‘ಪಾರ್ಷಿಯಲ್’ ಆಯ್ಕೆ ಹಾಕಿದರೆ ಅರ್ಧ ಹೋದ ಫೈಲನ್ನು ಎಸೆಯದೆ ಇಟ್ಟುಕೊಳ್ಳುತ್ತದೆ. ‘ಬಿಡಬ್ಲ್ಯು ಲಿಮಿಟ್’ ಹಾಕಿದರೆ ಲೈನನ್ನೆಲ್ಲ ನುಂಗುವುದಿಲ್ಲ. ಇದು ಸಣ್ಣ ವಿಷಯ ಅಲ್ಲ, ಅಪ್‌ಲೋಡ್ ತುಂಬಿಹೋದರೆ ಕೌಂಟರ್‌ನಲ್ಲಿ ಯುಪಿಐ ಹಣ ಬಂತೋ ಇಲ್ಲವೋ ಎಂದು ಕಾಯುತ್ತಾ ನಿಲ್ಲಬೇಕಾಗುತ್ತದೆ.

ಎರಡು ಕಡೆ ಎಚ್ಚರ ಬೇಕು. ದೂರದ ಫೋಲ್ಡರನ್ನು ಎನ್‌ಎಫ್‌ಎಸ್ ಅಥವಾ ಎಸ್‌ಎಂಬಿಯಲ್ಲಿ ಮೌಂಟ್ ಮಾಡಿ ಅದರ ಮೇಲೆ ಆರ್‌ಸಿಂಕ್ ಓಡಿಸುವವರಿದ್ದಾರೆ. ಆಗ ಆರ್‌ಸಿಂಕ್ ಎರಡೂ ಇಲ್ಲೇ ಇವೆ ಅಂದುಕೊಂಡು ಇಡೀ ಫೈಲ್ ಕಳಿಸುತ್ತದೆ, ತುಂಡು ಹುಡುಕುವ ಕೆಲಸವನ್ನೇ ಮಾಡುವುದಿಲ್ಲ. ಎರಡೂ ತುದಿಯಲ್ಲಿ ಆರ್‌ಸಿಂಕ್ ಓಡಬೇಕು. ಇನ್ನೊಂದು, ಜಿಜಿಪ್‌ನಲ್ಲಿ ಕುಗ್ಗಿಸಿದ ಅಥವಾ ಎನ್‌ಕ್ರಿಪ್ಟ್ ಮಾಡಿದ ಬ್ಯಾಕಪ್ ಫೈಲಿನಲ್ಲಿ ಒಂದು ಕಡೆ ಬದಲಾದರೂ ಅಲ್ಲಿಂದ ಮುಂದೆ ಎಲ್ಲವೂ ಬದಲಾದ ಹಾಗೆ ಕಾಣುತ್ತದೆ. ಜಿಜಿಪ್‌ಗೆ ‘ಆರ್‌ಸಿಂಕಬಲ್’ ಎಂಬ ಆಯ್ಕೆ ಇದೆ, ಹಾಕಿಕೊಳ್ಳಿ.

ಎರಡೂ ಕಡೆ ನಿಮ್ಮದೇ ಸರ್ವರ್ ಇದ್ದು ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಇದ್ದರೆ ಇನ್ನೂ ಸಲೀಸು. ನಿನ್ನೆಯ ಸ್ನ್ಯಾಪ್‌ಶಾಟ್‌ಗೂ (ಆ ಕ್ಷಣದ ಡಿಸ್ಕಿನ ಪ್ರತಿಬಿಂಬ) ಇವತ್ತಿನದಕ್ಕೂ ಇರುವ ವ್ಯತ್ಯಾಸ ಅದಕ್ಕೆ ಮೊದಲೇ ಗೊತ್ತಿರುತ್ತದೆ, ಹುಡುಕುತ್ತಾ ಕೂರುವುದಿಲ್ಲ. ಒಂದೇ ಹರಿವಿನಲ್ಲಿ ಹೋಗುವುದರಿಂದ ಲಕ್ಷ ಸಣ್ಣ ಫೈಲಿದ್ದರೂ ಮಾತುಕತೆ ಇಲ್ಲ. ಪಡೆಯುವ ಕಡೆ ಮುಂದುವರಿಸುವ ಆಯ್ಕೆ ಹಾಕಿದ್ದರೆ, ಕಡಿದಲ್ಲಿ ಒಂದು ಟೋಕನ್ ಸಿಗುತ್ತದೆ. ಅದನ್ನು ಕೊಟ್ಟರೆ ಅಲ್ಲಿಂದಲೇ ಮತ್ತೆ ಶುರು. ಆ ಆಯ್ಕೆ ಹಾಕದಿದ್ದರೆ ಮೊದಲಿಂದ ಕಳಿಸಬೇಕು.

ಹೊರಗೆ ಸ್ವಂತ ಸರ್ವರ್ ಇಲ್ಲದವರಿಗೆ ಆಬ್ಜೆಕ್ಟ್ ಸ್ಟೋರೇಜ್, ಅಂದರೆ ಕಂಪನಿಯೊಂದರ ಕ್ಲೌಡ್‌ನಲ್ಲಿ ಫೈಲ್ ಇಡುವ ಬಾಡಿಗೆ ಜಾಗ. ಅಮೆಜಾನ್ ಎಸ್3 ಶುರುವಾದದ್ದು 2006ರ ಮಾರ್ಚ್‌ನಲ್ಲಿ. ಈಗ ಅದೇ ಭಾಷೆಯನ್ನು ಬೇರೆ ಕಂಪನಿಗಳ ಸೇವೆಗಳೂ ಆಡುತ್ತವೆ, ಹಾಗಾಗಿ ಒಬ್ಬರನ್ನೇ ನೆಚ್ಚಬೇಕಿಲ್ಲ. ಭಾರತದಲ್ಲಿ ಅಮೆಜಾನ್‌ಗೆ ಮುಂಬೈಯಲ್ಲಿ 2016ರಿಂದ, ಹೈದರಾಬಾದಿನಲ್ಲಿ 2022ರಿಂದ ಕೇಂದ್ರ ಇದೆ. ಎರಡಕ್ಕೂ ಪಿಂಗ್ ಹಾಕಿ ನೋಡಿ ಆರಿಸಿ.

ನಮ್ಮ ಲೈನ್‌ಗೆ ಇದು ಹೊಂದುವುದಕ್ಕೆ ಕಾರಣ ಮಲ್ಟಿಪಾರ್ಟ್ ಅಪ್‌ಲೋಡ್. ದೊಡ್ಡ ಫೈಲನ್ನು ತುಂಡು ಮಾಡಿ, ಹಲವು ಸಂಪರ್ಕಗಳಲ್ಲಿ ಒಟ್ಟಿಗೆ ಕಳಿಸುತ್ತದೆ. ಒಂದು ತುಂಡು ಹಾಳಾದರೆ ಅದೊಂದನ್ನೇ ಮತ್ತೆ ಕಳಿಸಿದರೆ ಸಾಕು. ಎಸ್3ಯಲ್ಲಿ ಕೊನೆಯದನ್ನು ಬಿಟ್ಟು ಪ್ರತಿ ತುಂಡು ಕನಿಷ್ಠ 5 ಎಂಬಿ ಇರಬೇಕು, ಒಂದು ಫೈಲಿಗೆ 10,000 ತುಂಡಿನ ಮಿತಿ. ಲೈನ್ ಚೆನ್ನಾಗಿದ್ದರೆ ತುಂಡು 64 ಎಂಬಿ ಇರಲಿ. 4ಜಿಯಲ್ಲಿ 8 ಎಂಬಿ ಸಾಕು, ಆಗ ಒಂದು ಫೈಲ್ 80 ಜಿಬಿ ದಾಟುವ ಹಾಗಿಲ್ಲ ಎಂಬುದು ನೆನಪಿರಲಿ. ಅರ್ಧಕ್ಕೆ ನಿಂತ ಅಪ್‌ಲೋಡಿನ ತುಂಡುಗಳು ಲಿಸ್ಟಿನಲ್ಲಿ ಕಾಣದೆ ಅಲ್ಲೇ ಕೂತಿರುತ್ತವೆ, ಅವುಗಳಿಗೂ ಬಿಲ್ ಬರುತ್ತದೆ. ಇಂತಿಷ್ಟು ದಿನವಾದ ಮೇಲೆ ಅಳಿಸು ಎಂಬ ಲೈಫ್‌ಸೈಕಲ್ ನಿಯಮ ಮೊದಲ ದಿನವೇ ಹಾಕಿಡಿ.

ರೆಸ್ಟಿಕ್‌ನಂಥ ಬ್ಯಾಕಪ್ ಸಾಫ್ಟ್‌ವೇರ್ ಇದರ ಮೇಲೆ ಕೂತರೆ ಎನ್‌ಕ್ರಿಪ್ಶನ್, ಒಂದೇ ಡೇಟಾ ಎರಡು ಸಲ ಹೋಗದ ಹಾಗೆ ನೋಡುವುದು, ಎರಡೂ ಆಗುತ್ತದೆ. ನಡುವೆ ಕಡಿದರೆ ಮತ್ತೆ ಓಡಿಸಿ. ಹೋಗಿರುವುದನ್ನು ಬಿಟ್ಟು ಮುಂದಿನದನ್ನು ಕಳಿಸುತ್ತದೆ. ಸಣ್ಣ ಫೈಲುಗಳನ್ನು ದೊಡ್ಡ ಕಟ್ಟು ಮಾಡಿ ಕಳಿಸುವುದರಿಂದ ಸುತ್ತುಗಳೂ ಕಮ್ಮಿ. ಸಂಘದ ದಾಖಲೆಗಾಗಲಿ ಕ್ಯೂರಿಂಗ್ ವರ್ಕ್ಸ್ ಲೆಕ್ಕಕ್ಕಾಗಲಿ ನಾನು ಹೇಳುವುದು ಇದನ್ನೇ.

ಯುಡಿಪಿ ದಾರಿ

ಮದುವೆ ಸೀಸನ್ನಿನಲ್ಲಿ ನೂರಾರು ಜಿಬಿ ವಿಡಿಯೊವನ್ನು ದುಬೈಯಲ್ಲೋ ಅಮೆರಿಕದಲ್ಲೋ ಇರುವ ಎಡಿಟರ್‌ಗೆ ಕಳಿಸುವ ಸ್ಟುಡಿಯೊದವರಿಗೆ ಟಿಸಿಪಿ ಸಾಲದೆ ಹೋಗಬಹುದು. ಆಸ್ಪೆರಾದ ಫಾಸ್ಪ್, ಯುಡಿಟಿ ಮುಂತಾದವು ರಸೀದಿ ಕೇಳದ ಯುಡಿಪಿ ನಿಯಮದ ಮೇಲೆ ತಮ್ಮದೇ ರಸೀದಿ ಪದ್ಧತಿ ಕಟ್ಟಿಕೊಂಡಿವೆ. ಒಂದು ಪ್ಯಾಕೆಟ್ ಕಳೆದ ಮಾತ್ರಕ್ಕೆ ಬೆದರುವುದಿಲ್ಲ. ಎರಡೂ ಕಡೆ ಅದೇ ಸಾಫ್ಟ್‌ವೇರ್ ಬೇಕು, ಆಸ್ಪೆರಾಗೆ ದುಡ್ಡೂ ಜಾಸ್ತಿ. ನೂರಾರು ಮಿಲಿಸೆಕೆಂಡ್ ದೂರ, ಮೇಲೆ ಪ್ಯಾಕೆಟ್ ಕಳೆಯುವ ಲೈನ್, ಇವೆರಡೂ ಒಟ್ಟಿಗೆ ಇದ್ದರೆ ಮಾತ್ರ ಯೋಚಿಸಿ. ಬೆಂಗಳೂರಿಗೆ ಕಳಿಸಲು ಬೇಕಿಲ್ಲ.

ಅದಕ್ಕೂ ಮೊದಲು ಪುಕ್ಕಟೆಯಾಗಿ ಒಂದು ಕೆಲಸ ಮಾಡಿ ನೋಡಿ. ಲಿನಕ್ಸ್‌ನಲ್ಲಿ ಟಿಸಿಪಿಯ ವೇಗ ನಿರ್ಧರಿಸುವ ಕ್ಯೂಬಿಕ್ ಬದಲು ಬಿಬಿಆರ್ ಹಾಕಿ. ಗೂಗಲ್ 2016ರಲ್ಲಿ ಕೊಟ್ಟದ್ದು, ಲಿನಕ್ಸ್ 4.9ರಿಂದ ಇದೆ. ಪ್ಯಾಕೆಟ್ ಕಳೆಯುವುದನ್ನು ನೋಡಿ ಹೆದರುವ ಬದಲು ಲೈನ್ ಎಷ್ಟು ತಾಳುತ್ತದೆ ಎಂದು ಅದು ತಾನೇ ಅಳೆಯುತ್ತದೆ. ಕಳಿಸುವ ಕಡೆ ಹಾಕಿದರೆ ಸಾಕು, ಅಂದರೆ ಕೊಡಗಿನ ಪೆಟ್ಟಿಗೆಯಲ್ಲಿ.

ಕ್ವಿಕ್ ಬಗ್ಗೆ ಆಸೆ ಇದೆ. ಆರ್‌ಎಫ್‌ಸಿ 9000 ಆಗಿ 2021ರಲ್ಲಿ ಬಂತು. ಸಂಪರ್ಕಕ್ಕೆ ಐಪಿ ವಿಳಾಸದ ಬದಲು ಅದರದೇ ಗುರುತು ಇರುವುದರಿಂದ, ಫೈಬರ್ ಹೋಗಿ ರೂಟರ್ 4ಜಿಗೆ ಹಾರಿದರೂ ಸಂಪರ್ಕ ಉಳಿಯಬಹುದು. ನಮ್ಮ ಜಿಲ್ಲೆಗೇ ಹೇಳಿ ಮಾಡಿಸಿದ ಗುಣ. ಆದರೆ ಹೆಚ್ಚಿನ ಬ್ಯಾಕಪ್ ಸಾಫ್ಟ್‌ವೇರ್ ಇನ್ನೂ ಟಿಸಿಪಿಯಲ್ಲೇ ಇದೆ. ಈಗ ಅದಕ್ಕಾಗಿ ಕಾಯುತ್ತಾ ಕೂರಬೇಡಿ.

ಸುರಂಗದ ಕಿರಿಕಿರಿ

4ಜಿಯಲ್ಲೂ ಅನೇಕ ಫೈಬರ್ ಪ್ಲಾನ್‌ಗಳಲ್ಲೂ ನಿಮಗೆ ಸ್ವಂತ ಪಬ್ಲಿಕ್ ಐಪಿ ಇರುವುದಿಲ್ಲ, ಹೊರಗಿನಿಂದ ನಿಮ್ಮ ಪೆಟ್ಟಿಗೆಗೆ ಬರಲಾಗುವುದಿಲ್ಲ. ಹಾಗಾಗಿ ಸಂಪರ್ಕ ಯಾವಾಗಲೂ ಕೊಡಗಿನಿಂದಲೇ ಶುರುವಾಗುವ ವಿಧಾನ ಆರಿಸಿ. ವೈರ್‌ಗಾರ್ಡ್‌ನಲ್ಲಾದರೆ 25 ಸೆಕೆಂಡಿಗೊಮ್ಮೆ ಸಂಪರ್ಕ ಜೀವಂತ ಇಡುವ ಕೀಪ್‌ಅಲೈವ್ ಹಾಕಿ.

ಲಾಗಿನ್ ಆಗುತ್ತದೆ, ಲಿಸ್ಟ್ ಕಾಣುತ್ತದೆ, ದೊಡ್ಡ ಫೈಲ್ ಕಳಿಸಿದ ಕೂಡಲೇ ನಿಂತುಬಿಡುತ್ತದೆ ಅಂತಾದರೆ ಅದು ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ತೊಂದರೆ. ಪಿಪಿಪಿಒಇ (ಹೆಸರು, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವ) ಫೈಬರ್‌ನಲ್ಲಿ ಪ್ಯಾಕೆಟ್ 1500ರ ಬದಲು 1492 ಬೈಟ್‌ಗೆ ಇಳಿಯುತ್ತದೆ, ಅದರೊಳಗೆ ಸುರಂಗ ಹಾಕಿದರೆ ಇನ್ನೂ ಕಮ್ಮಿ. ವೈರ್‌ಗಾರ್ಡ್ ಸಾಮಾನ್ಯವಾಗಿ 1420 ಇಟ್ಟುಕೊಳ್ಳುತ್ತದೆ. ಹೊರಗಿನ ಲೈನ್ ಐಪಿವಿ6 ಮೇಲೆ ಇದ್ದು ಪಿಪಿಪಿಒಇಯೂ ಇದ್ದರೆ ಅದೂ 1412 ಆಗಬೇಕು. ಪ್ರೋಟೋಕಾಲ್ ಬದಲಿಸುವ ಮೊದಲು ಇದನ್ನು ನೋಡಿಬಿಡಿ.

ಮೊದಲ ಪೂರ್ತಿ ಪ್ರತಿ

ದಿನದಿನದ ಬದಲಾವಣೆ ಲೈನಿನಲ್ಲಿ ಹೋಗುತ್ತದೆ. ಮೊದಲ ಪೂರ್ತಿ ಪ್ರತಿಯ ಲೆಕ್ಕ ಬೇರೆ. 20 ಎಂಬಿಪಿಎಸ್ ಅಪ್‌ಲೋಡ್ ಪೂರ್ತಿ ಸಿಕ್ಕರೂ 50 ಜಿಬಿಗೆ ಐದೂವರೆ ಗಂಟೆ, 2 ಟಿಬಿಗೆ ಒಂಬತ್ತು ದಿನ. ಅದೇ 2 ಟಿಬಿಯನ್ನು ಎನ್‌ಕ್ರಿಪ್ಟ್ ಮಾಡಿದ ಡಿಸ್ಕಿನಲ್ಲಿ ಹಾಕಿಕೊಂಡು ಮಡಿಕೇರಿಯಲ್ಲಿ ಬೆಂಗಳೂರು ಬಸ್ ಹತ್ತಿದರೆ ಆರು ಗಂಟೆ ಹಿಡಿಯಿರಿ, ಸುಮಾರು 740 ಎಂಬಿಪಿಎಸ್ ಆಯಿತು. ಪ್ಯಾಕೆಟ್ ಕಳೆಯುವ ಚಿಂತೆಯೂ ಇಲ್ಲ, ಬ್ಯಾಗ್ ಬಸ್ಸಿನಲ್ಲಿ ಮರೆಯದಿದ್ದರೆ.

ಇದನ್ನು ಮೇ ತಿಂಗಳೊಳಗೆ ಮುಗಿಸಿ. ಕೊಯ್ಲು ಮತ್ತು ಕ್ಯೂರಿಂಗ್‌ನ ಡೇಟಾ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ತುಂಬಿಕೊಂಡಿರುತ್ತದೆ. ಜೂನ್‌ನಿಂದ ಲೈನ್ ಕೈಕೊಡಲು ಶುರು. ಪೂರ್ತಿ ಪ್ರತಿ ಮೊದಲೇ ಅಲ್ಲಿದ್ದರೆ ಮಳೆಗಾಲದಲ್ಲಿ ಹೋಗಬೇಕಾದದ್ದು ದಿನಕ್ಕೆ ಕೆಲವು ನೂರು ಎಂಬಿ, ಅದು 4ಜಿಯಲ್ಲೂ ತೆವಳಿಕೊಂಡು ಹೋಗುತ್ತದೆ. ಮರಳಿ ಪಡೆಯುವುದಕ್ಕೂ ಇದೇ ಲೆಕ್ಕ. 2 ಟಿಬಿಯನ್ನು ಲೈನಿನಲ್ಲಿ ಇಳಿಸಿಕೊಳ್ಳಲು ಎಷ್ಟು ದಿನ ಎಂದು ಈಗಲೇ ಲೆಕ್ಕ ಹಾಕಿ. ಅಷ್ಟು ದಿನ ತಡೆಯಲಾಗದಿದ್ದರೆ, ತೀರಾ ಅಗತ್ಯದ ಫೋಲ್ಡರ್‌ಗಳನ್ನು ಬೇರೆ ರೆಪೊಸಿಟರಿಯಲ್ಲಿ (ಬ್ಯಾಕಪ್ ಕಣಜ) ಇಡಿ, ಮೊದಲು ಅದೊಂದನ್ನೇ ತರಿಸಿಕೊಳ್ಳಬಹುದು.